ಶೇಂಗಾ ಸುಲಿದು ಕೊಂಡ ಸೀರೆ

ಆಳು ಇಟ್ಟುಕೊಳ್ಳದೆ ಕೆಲಸವೆಲ್ಲ ನಾವೇ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉಳಿಯುವುದಿಲ್ಲ ಎನ್ನುವಂತೆಯೂ ಇಲ್ಲ. ನಮ್ಮವ್ವ ಉಳಿಸಿ ತೋರಿಸಿದ್ದಳು.

ತೊಂಬತ್ತರ ದಶಕದ ಚಳ್ಳಕೆರೆ. ಗಾಳಿ ತಿರುಗಿದರೆ ಎಣ್ಣೆ ಮಿಲ್ಲುಗಳ ಹಿಂಡಿ ವಾಸನೆ ಮನೆಯೊಳಗೆ. ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯಬೇಕು, ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆ. ಬೇಸಿಗೆ ಕೊನೆಗೆ ಓಣಿಯ ಹೆಂಗಸರು ನಮ್ಮ ಪಡಸಾಲೆಗೆ ಕೂಲಿಗೆ ಬಂದು ಸುಲಿದುಕೊಡುತ್ತಿದ್ದರು. ತನ್ನ ತಮ್ಮನ ಮದುವೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಡಬೇಕೆಂಬುದು ಅವ್ವನ ಆಸೆ. ಆ ಮಾವನಿಗೆ ಇನ್ನೂ ಹೆಣ್ಣೇ ಗೊತ್ತಾಗಿರಲಿಲ್ಲ, ಅದು ಬೇರೆ ಮಾತು. ಅಪ್ಪನ ಕೈ ಬಿಗಿ. "ಕೂಲಿಯೋರ್ನ ಬಿಡ್ಸಿ ನೀನೇ ಸುಲಿ. ಆ ದುಡ್ಡು ನಿಂದೇ" ಅಂದ. ನಾಲ್ಕು ದಿನದಲ್ಲಿ ಸಾಕಾಗಿ ಬಿಡುತ್ತಾಳೆ ಅಂದುಕೊಂಡಿದ್ದ.

ಅವ್ವ ಬಿಡಲಿಲ್ಲ. ಹೆಂಗಸರ ಮಾತು, ನಗೆ ಎಲ್ಲ ಹೋಗಿ ಪಡಸಾಲೆಯಲ್ಲಿ ಚಟ್ ಚಟ್ ಸದ್ದೊಂದೇ ಉಳಿಯಿತು. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಸಿಪ್ಪೆಯ ಗುಡ್ಡೆ ಹತ್ತುತ್ತಿತ್ತು. ಚೀಲಕ್ಕೆ ಒರಗಿ ನಾನು ತೂಕಡಿಸುತ್ತಿದ್ದೆ. "ಹಸಿರೂ ಅಲ್ಲ, ನೀಲಿನೂ ಅಲ್ಲ, ಅಂಥದ್ದು" ಎಂದು ಅವ್ವ ತನ್ನಷ್ಟಕ್ಕೆ ಸೀರೆಯ ಬಣ್ಣ ಹೇಳಿಕೊಳ್ಳುತ್ತಿದ್ದಳು. ಆ ಬಣ್ಣ ನನ್ನ ನಿದ್ದೆಯೊಳಗೆ ಬಂದು ಕೆರೆಯಾಗುತ್ತಿತ್ತು, ನಾನು ಅದರಲ್ಲಿ ತೇಲುತ್ತಿದ್ದೆ. ಎಚ್ಚರವಾದಾಗಲೂ ಅದೇ ಚಟ್ ಚಟ್. ಎಷ್ಟು ಬೇಸಿಗೆ ಹೀಗೆ ಕಳೆದವೋ, ಈಗ ಎಲ್ಲ ಒಂದೇ ಉದ್ದನೆಯ ಮಧ್ಯಾಹ್ನದಂತೆ ಕಾಣುತ್ತದೆ.

ಕೊನೆಗೂ ಮಾವನಿಗೆ ಹೆಣ್ಣು ಕುದುರಿತು. ಅಪ್ಪ ಮಾತಿಗೆ ತಪ್ಪಲಿಲ್ಲ, ಅಷ್ಟು ಹೇಳಬೇಕು. ಆ ವರ್ಷದ ಸುಲಿಯುವ ಕೆಲಸ ಮುಗಿದ ಮಾರನೇ ದಿನವೇ ಬಸ್ಸು ಹತ್ತಿದೆವು. ಬಿ.ಜಿ. ಕೆರೆ ದಾಟಿದ ಮೇಲೆ ಬಂಡೆಗುಡ್ಡಗಳು ಬಿಸಿಲಲ್ಲಿ ಅಲುಗಾಡಿದಂತೆ ಕಂಡವು. ಅವ್ವ ದಾರಿಯುದ್ದಕ್ಕೂ ಕಿಟಕಿ ಕಡೆ ನೋಡಿ ನಗುತ್ತಲೇ ಇದ್ದಳು.

ಮೊಳಕಾಲ್ಮೂರಿನಲ್ಲಿ ನೇಕಾರರೊಬ್ಬರ ಮನೆ. ಚಾಪೆಯ ಮೇಲೆ ಅವರು ಬಿಡಿಸಿದ ಸೀರೆ ಅದೇ ಬಣ್ಣದ್ದು. ಅವ್ವ ಬಗ್ಗಿ ಸೆರಗಿನ ಮೇಲೆ ಕೈಯಾಡಿಸಿದಳು. ಸಿಪ್ಪೆಗೆ ಒಡೆದು ಸೀಳಿದ್ದ ಬೆರಳ ತುದಿಗೆ ಎಳೆಯೊಂದು ಸಿಕ್ಕಿ ಮೇಲೆದ್ದು ಬಂತು.

"ಅಮ್ಮಾ, ನೀವು ಮುಟ್ಟಬ್ಯಾಡ್ರಿ. ಎಳೆ ಕಿತ್ತು ಬರ್ತೈತೆ" ಎಂದಳು ನೇಕಾರನ ಹೆಂಡತಿ. ಮೆತ್ತಗೇ ಹೇಳಿದಳು. ಅವ್ವ ಎರಡೂ ಕೈಯನ್ನು ತನ್ನ ನೂಲಿನ ಸೆರಗೊಳಗೆ ಸೇರಿಸಿಕೊಂಡಳು. ಚೌಕಾಸಿ ಮಾಡುತ್ತಿದ್ದ ಅಪ್ಪ ಅವರು ಕೇಳಿದಷ್ಟು ಎಣಿಸಿಕೊಟ್ಟ.

"ನೀ ಮುಟ್ಟಿ ಹೇಳು, ಹೆಂಗೈತೆ?" ಅವ್ವ ನನ್ನನ್ನು ಕೇಳಿದಳು.

"ತಣ್ಣಗೈತವ್ವಾ."

"ಆಮೇಲೆ?"

"ಮೆತ್ತಗೈತೆ."

"ಆಮೇಲೆ?"

ನಾನು ಇನ್ನೊಮ್ಮೆ ಸೆರಗು ಸವರಿದೆ. ಅಳು ಬಂತು.

ಮದುವೆಯ ದಿನ ಅವಳಿಗೆ ನೆರಿಗೆ ಹಿಡಿದವಳು ನಾನೇ. ಅವ್ವ ಎರಡೂ ಕೈಯನ್ನು ಮೈಯಿಂದ ದೂರ ಚಾಚಿಕೊಂಡು ನಿಂತಿದ್ದಳು, ಬೇರೆ ಯಾರದೋ ಸೀರೆ ಉಟ್ಟವಳ ಹಾಗೆ.