ಈಟಿಗಾರ ಯಾರಿಗೆ ಸಿಗುತ್ತಾನೆ?

ನನ್ನ ಗಂಟಲಲ್ಲಿ ಅರ್ಧ ವಿಜಯನಗರವೇ ಬಾಡಿಗೆಗಿದೆ. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ಸೊಪ್ಪಿನ ಗಾಡಿಯವನು, ನಮ್ಮ ಓನರ್ ಆಂಟಿಯ ಕೆಮ್ಮು, ಎಲ್ಲವನ್ನೂ ಮಾಡುತ್ತೇನೆ. ಹಾಗಾಗಿ ನಾನು ಗಂಭೀರವಾಗಿ ಬಾಯಿ ತೆರೆದರೂ ಜನ, "ಇದ್ಯಾರ ಮಿಮಿಕ್ರಿ?" ಅನ್ನುತ್ತಾರೆ.

ಆ ಆಟದ ಟ್ರೇಲರ್ ಬಂದ ದಿನ ಬಸವೇಶ್ವರನಗರದಲ್ಲಿ, ಶಾಲೆಯಿಂದಲೂ ಜೊತೆಗಿರುವ ಗೆಳೆಯನ ಮಹಡಿ ಕೋಣೆಯಲ್ಲಿದ್ದೆ. ಮಾಟ, ಮಂತ್ರ, ಡ್ರ್ಯಾಗನ್ ಇರುವ ಕಂಪ್ಯೂಟರ್ ಆಟ. ಹೀರೋ ನೀವೇ, ಗಂಡೋ ಹೆಣ್ಣೋ ಮೊದಲೇ ಆರಿಸಿಕೊಳ್ಳಬೇಕು. ದಾರಿಯಲ್ಲಿ ಸಿಗುವ ಜೊತೆಗಾರರಲ್ಲಿ ಒಬ್ಬರನ್ನು ಪ್ರೀತಿಸಬಹುದು. ಆದರೆ ಯಾರು ಯಾರಿಗೆ ಒಲಿಯಬೇಕೆಂದು ಆಟ ಮಾಡುವವರು ತೀರ್ಮಾನಿಸಿರುತ್ತಾರೆ. ಅದನ್ನು ಅವರಿನ್ನೂ ಬಾಯಿ ಬಿಟ್ಟಿರಲಿಲ್ಲವಾದ್ದರಿಂದ ಅಭಿಮಾನಿಗಳ ಗುಂಪಿನಲ್ಲಿ ಊಹೆಗಳದ್ದೇ ಗಲಾಟೆ. ಆ ಜೊತೆಗಾರರಲ್ಲಿ ಎಲ್ಲರಿಗೂ ಮಾಟಗಾತಿಯೇ ಬೇಕು. ನಾನೂ ಕ್ಯೂನಲ್ಲಿದ್ದೆ; ಆಟದಲ್ಲಾದರೂ ಒಬ್ಬಳು ನನ್ನ ಮಾತು ನಂಬಲಿ ಅಂತ.

ಗೆಳೆಯ ಮಾತ್ರ ಒಂದೇ ಜಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ. ಗಡ್ಡದ ಈಟಿಗಾರನೊಬ್ಬ ಹೀರೋನ ಅಂಗೈ ಗಾಯಕ್ಕೆ ಬಟ್ಟೆ ಸುತ್ತುವ ದೃಶ್ಯ. ಕಣ್ಣು ಮಿಟುಕಿಸಿದರೆ ಮುಗಿದೇ ಹೋಗುತ್ತದೆ.

"ಏನ್ ಗುರು, ಫಸ್ಟ್ ಏಡ್ ಕಲೀತಿದೀಯಾ?"

ಅವನು ನಗಲಿಲ್ಲ. "ಹೀರೋ ಗಂಡಾದ್ರೂ ಇವ್ನು ಸಿಗ್ತಾನೆ ಅನ್ಸತ್ತೇನೋ?" ಎಂದ. "ಆಟದಲ್ಲಾದ್ರೂ" ಎಂದು ಸೇರಿಸಿದ.

ಅವನ ಕಣ್ಣು ಪರದೆಯ ಮೇಲೇ ಇತ್ತು. ಕಿವಿ ಕೆಂಪಗಾಗಿತ್ತು. ಇಷ್ಟು ವರ್ಷ ಅವನು ನನಗೆ ಹೇಳದೇ ಇದ್ದದ್ದನ್ನು ಆಗ ಹೇಳಿದ್ದ. ಅಷ್ಟು ಜನ ವಾಸವಿದ್ದ ನನ್ನ ಗಂಟಲಲ್ಲಿ ಒಬ್ಬರೂ ಸಹಾಯಕ್ಕೆ ಬರಲಿಲ್ಲ.

"ಸಿಗ್ತಾನೆ ಮಗಾ," ಎಂದೆ. "ಕಟ್ಟೋದ್ ನೋಡು. ಬರೀ ಫ್ರೆಂಡಾಗಿದ್ರೆ ಯಾವನು ಇಷ್ಟು ನಿಧಾನವಾಗಿ ಕಟ್ತಾನೆ? ನಾನಾಗಿದ್ರೆ ಕರ್ಚೀಫ್ ಎಸೀತಿದ್ದೆ."

ಆಗ ನಕ್ಕ.

ಆಮೇಲೆ ಭಾನುವಾರಗಳೆಲ್ಲ ಅದಕ್ಕೇ ಹೋದವು. ಈಟಿಗಾರನಿಗೆ ನಾನೊಂದು ಕನ್ನಡದ ಧ್ವನಿ ಕೊಟ್ಟೆ. ಒರಟು ಧ್ವನಿ, ನಮ್ಮ ಪಿಟಿ ಮೇಷ್ಟ್ರಿಂದ ಕದ್ದದ್ದು. "ಗಾಯ ಒಣಗೋವರೆಗೂ ಎಲ್ಲಿಗೂ ಹೋಗಲ್ಲ ಕಣೋ." ಅವನು "ಇನ್ನೊಂದ್ಸಲ" ಅನ್ನುತ್ತಿದ್ದ. ಅಷ್ಟರಲ್ಲಿ ಅವನಮ್ಮ ಫೋನಿನಲ್ಲಿ ಹುಡುಗಿಯರ ಫೋಟೋ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು.

"ನೀನಾದ್ರೂ ಹೇಳಪ್ಪಾ. ಯಾರನ್ನ ತೋರ್ಸಿದ್ರೂ ನೋಡೋಣ ಅಂತಾನೆ."

"ಒಂದು ಗೇಮ್ ಬರ್ಲಿ ಅಂತ ಕಾಯ್ತಿದಾನೆ ಆಂಟಿ."

ನಿಜವನ್ನೇ ಹೇಳಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ದಿನ ಅವನ 'ನೋಡೋಣ' ಹೋಗಿ 'ಆಯ್ತು' ಬಂತು. ಯಾಕೋ ಅಂದರೆ, "ಅಮ್ಮ ಅತ್ಬಿಟ್ರು" ಎಂದ, ಅಷ್ಟೆ.

ರಾಜಾಜಿನಗರದ ಒಂದು ಹಾಲ್‌ನಲ್ಲಿ ನಿಶ್ಚಿತಾರ್ಥ. ಅವತ್ತು ಬೆಳಗ್ಗೆಯೇ ಆಟದವರು ಯಾರು ಯಾರಿಗೆ ಒಲಿಯುತ್ತಾರೆಂಬ ಪಟ್ಟಿ ಬಿಡಬೇಕೆ! ಈಟಿಗಾರ ಹೆಣ್ಣು ಹೀರೋಗೆ ಮಾತ್ರ. ಗಂಡಿಗೆ ಅವನು ಬರೀ ಸ್ನೇಹಿತ.

ಡ್ರೆಸ್ಸಿಂಗ್ ರೂಮಿನಲ್ಲಿ ಅವನ ಪಂಚೆಯ ನೆರಿಗೆ ಸರಿಮಾಡುತ್ತ, ಅವನು ಕೇಳುವ ಮೊದಲೇ, "ಆ ಆಟದೋರು ಇನ್ನೂ ಏನೂ ಹೇಳಿಲ್ವಂತೆ ಮಗಾ," ಎಂದೆ.

"ಬೆಳಗ್ಗೆನೇ ನೋಡ್ದೆ ಬಿಡೋ."

ಹೊರಗೆ ನಾದಸ್ವರದ ರೆಕಾರ್ಡು ಹಾಕಿದ್ದರು. ಅವನು ಕನ್ನಡಿಯಲ್ಲಿ ಪೇಟ ಸರಿಮಾಡಿಕೊಂಡ.

"ಆ ಡೈಲಾಗ್ ಹೇಳೋ ಒಂದ್ಸಲ."

ಒರಟು ಧ್ವನಿಯಲ್ಲೇ ಶುರು ಮಾಡಿದೆ. "ಗಾಯ ಒಣಗೋವರೆಗೂ" ಎನ್ನುವಷ್ಟರಲ್ಲಿ ಪಿಟಿ ಮೇಷ್ಟ್ರು ಬಿಟ್ಟುಹೋದರು. ಉಳಿದದ್ದು ಯಾವುದೋ ತೆಳ್ಳಗಿನ, ನಡುಗುವ ದನಿ.

"ಇದ್ಯಾರ ಮಿಮಿಕ್ರಿ?" ಎಂದ.

"ಯಾರ್ದೂ ಅಲ್ಲ ಕಣೋ."

ಶಲ್ಯದ ತುದಿಯಿಂದ ಮುಖ ಒರೆಸಿಕೊಂಡು ಅವನು ಹೊರಗೆ ನಡೆದ. ವೇದಿಕೆಯ ಮೇಲೆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳನ್ನೂ ಯಾರೂ ಏನೂ ಕೇಳಿದಂತಿರಲಿಲ್ಲ. ಉಂಗುರ ತೊಡಿಸಿಕೊಳ್ಳಲು ಕೈ ಚಾಚು ಎಂದರು. ಅವನು ಟ್ರೇಲರಿನ ಹೀರೋ ಹಾಗೆ ಅಂಗೈ ಮೇಲೆ ಮಾಡಿ ಚಾಚಿದ. "ಹಂಗಲ್ಲಪ್ಪಾ," ಎಂದು ಅವನಮ್ಮ ನಗುತ್ತಾ ಕೈಯನ್ನು ತಿರುಗಿಸಿದರು.