ಹುಲ್ಲು ಕಾಣದ ಕುದುರೆ

ನಾನು ಶಾಲಾ ಇನ್‌ಸ್ಪೆಕ್ಟರಾಗಿದ್ದ ಐವತ್ತರ ದಶಕದ ಮಾತು. ಹರಿಹರ ಸ್ಟೇಷನ್ನಿನಲ್ಲಿ ಇಳಿದು, ಸಾರಥಿ ಎಂಬ ಹಳ್ಳಿಯ ಶಾಲೆಯ ತಪಾಸಣೆಗೆಂದು ಟಾಂಗಾ ಹತ್ತಿದೆ. ಕೈಯಲ್ಲಿ ಹಳೆಯದೊಂದು ಐತಿಹಾಸಿಕ ಕಾದಂಬರಿಯಿತ್ತು. ಟಾಂಗಾದ ಖಾದರ್ ಸಾಬರಿಗೆ ಉರ್ದು ಬಿಟ್ಟರೆ ಬೇರೆ ಓದಲು ಬಾರದು. "ನಮಗೂ ಕೇಳೋ ಹಂಗೆ ಓದ್ರಿ ಸಾಹೇಬ್ರ" ಎಂದರು.

ಸೆರೆಯಲ್ಲಿದ್ದ ಪ್ರೇಯಸಿಗಾಗಿ ರಾಜಕುಮಾರ ಮೂರು ಹಗಲು, ಮೂರು ರಾತ್ರಿ ಕುದುರೆ ಓಡಿಸುವ ಭಾಗ ಬಂತು. ಸಾಬರು ಲಗಾಮು ಎಳೆದು ಟಾಂಗಾ ನಿಲ್ಲಿಸಿಯೇಬಿಟ್ಟರು.

"ಹುಲ್ಲಿಲ್ಲ, ನೀರಿಲ್ಲ, ಮೂರು ದಿನ ಓಡ್ತಂತಾ? ಬರೆದೋನು ಕುದುರೆ ಸಾಕಿದೋನಲ್ಲ ಬಿಡ್ರಿ!"

"ಪ್ರೀತಿ ಸಾಬರೇ" ಎಂದೆ, ಬರೆದವನ ಪರವಾಗಿ ನಾಚುತ್ತಾ.

"ಪ್ರೀತಿ ಅವಂಗೈತೆ. ಕುದುರೆಗೇನೈತೆ?"

ನಾನು ಪುಸ್ತಕ ಮುಚ್ಚಿದೆ.

"ಅಯ್ಯೋ, ಮುಚ್ಚಬ್ಯಾಡ್ರಿ! ಆ ಹುಡುಗಿ ಗತಿ ಏನಾತು?"

ಸಾರಥಿ ಶಾಲೆ ಬಂದರೂ ಹುಡುಗಿ ಸೆರೆಯಲ್ಲೇ ಇದ್ದಳು. ಬಾಗಿಲಲ್ಲಿ ಹೆಡ್‌ಮಾಸ್ಟರು ಹಾರ ಹಿಡಿದು ನಿಂತಿದ್ದರು. ಸಾಬರು ಅತ್ತ ನೋಡದೆ ಟಾಂಗಾವನ್ನು ಬೇವಿನ ಮರದಡಿ ನಿಲ್ಲಿಸಿ, ತಮ್ಮ ಕುದುರೆಯ ಮುಂದೆ ಹುಲ್ಲು ಹಾಕಿದರು.

"ಇದು ತಿನ್ನೋತನಕ ಟೈಮೈತೆ, ಮುಗಿಸ್ರಿ."

ಹೆಡ್‌ಮಾಸ್ಟರಿಗೆ 'ಬಂದೆ' ಎಂದು ಸನ್ನೆ ಮಾಡಿ ಓದಿದೆ. ಹುಡುಗಿ ಬಿಡುಗಡೆಯಾದಾಗ ಸಾಬರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು. ಹಾರ ಅಷ್ಟರಲ್ಲಿ ಬಾಡಿತ್ತು.

ಅಂದಿನ ವರದಿಯಲ್ಲಿ, ಮೇಷ್ಟ್ರುಗಳು ಹೊತ್ತಿಗೆ ಸರಿಯಾಗಿ ಬರುತ್ತಾರೋ ಎಂಬ ಕಾಲಂ ಒಂದನ್ನು ಮಾತ್ರ ನಾನು ಖಾಲಿ ಬಿಟ್ಟೆ.