ಕಪಾಟುಗಳ ಸಾಲಿನಿಂದ ಬಂದ ಉತ್ತರ

ದೆವ್ವ, ಭೂತ ಎಂದರೆ ನಕ್ಕುಬಿಡುತ್ತಿದ್ದವಳು ನಾನು. ವಸಂತಪುರದಲ್ಲಿರುವ ನನ್ನ ಓರಗಿತ್ತಿ ಅಂಥ ಕಥೆ ಶುರು ಮಾಡಿದರೆ, "ಆಧಾರ ಏನಿದೆ, ತೋರ್ಸು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕಾಲೇಜು ಲೈಬ್ರರಿಯಲ್ಲೇ ತಲೆ ನರೆಸಿಕೊಂಡು, ಜೊತೆಗೆ ಇತಿಹಾಸವನ್ನೂ ಬರೆದವಳಿಗೆ ಅಷ್ಟಾದರೂ ಕೊಬ್ಬು ಬೇಡವೇ! ಈಗ ಅವಳು ನನ್ನನ್ನು ನೋಡಿ ನಗಲಿ, ಬೇಜಾರಿಲ್ಲ.

ಜಯನಗರದ ನಮ್ಮ ಕಾಲೇಜಿನಲ್ಲಿ ಬೇಸಿಗೆ ರಜೆ ಬಂತೆಂದರೆ ಪುಸ್ತಕಗಳ ತಪಾಸಣೆ. ನಾನು ಮೇಜಿನ ಹತ್ತಿರ ಕೂತು ಒಂದೊಂದೇ ನಂಬರ್ ಕೂಗಬೇಕು. ನನ್ನ ಸಹಾಯಕಿ ಸರೋಜಮ್ಮ ಕಪಾಟುಗಳ ಸಾಲಿನೊಳಗಿಂದ "ಇದೆ ಮೇಡಂ" ಅಥವಾ "ಇಲ್ಲ ಮೇಡಂ" ಎನ್ನಬೇಕು. ಮುಖ ಕಾಣುವುದಿಲ್ಲ, ದನಿ ಮಾತ್ರ. ಸತತ ಮೂರು ವರ್ಷ "ಇಲ್ಲ" ಎಂದಾದ ಪುಸ್ತಕವನ್ನು ಲೆಕ್ಕದಿಂದಲೇ ತೆಗೆದುಹಾಕುವುದು ನಮ್ಮ ಪದ್ಧತಿ.

ಆ ವರ್ಷ ನನಗೆ ಒಂದೇ ಚಿಂತೆ. ನನಗೆ ಇತಿಹಾಸ ಕಲಿಸಿದ ಮೇಷ್ಟ್ರು, ಈ ಬಡಾವಣೆಗಳ ಕೆಳಗೆ ಮುಚ್ಚಿಹೋದ ಕೆರೆಗಳ ಬಗ್ಗೆ ಬಿಸಿಲಲ್ಲಿ ಅಲೆದಲೆದು ಒಂದು ಪ್ರಬಂಧ ಬರೆದಿದ್ದರು. ಟೈಪು ಮಾಡಿದ ಒಂದೇ ಪ್ರತಿ. ಅದು ಎರಡು ವರ್ಷದಿಂದ ಸಿಕ್ಕಿರಲಿಲ್ಲ. ಮೇಷ್ಟ್ರು ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಈ ಸಲವೂ ಸಿಗದಿದ್ದರೆ ಅವರು ಅಂಥದ್ದೊಂದು ಬರೆದಿದ್ದರು ಎನ್ನುವ ಗುರುತೂ ಉಳಿಯುತ್ತಿರಲಿಲ್ಲ. 

ಊಟ ಮುಗಿಸಿ ಕೂತೆವು. ಸರೋಜಮ್ಮನವರಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರ ಫೋನ್ ಬಂತು. ಮಾತು ಮುಗಿಸಿ ಮತ್ತೆ ಕೂಗತೊಡಗಿದೆ. ಉತ್ತರ ಬರುತ್ತಿತ್ತು, ಆದರೆ "ಮೇಡಂ" ಎನ್ನುವುದು ನಿಂತಿತ್ತು. ಬರೀ "ಇದೆ", "ಇಲ್ಲ". ಸಾಕಾಗಿರಬೇಕು ಪಾಪ, ಅಂದುಕೊಂಡೆ. ಮೇಷ್ಟ್ರ ನಂಬರ್ ಬಂತು. ಕೂಗಿದೆ.

"ಇದೆ."

ಅಬ್ಬಾ, ನನಗಾದ ಖುಷಿ! ಗುರುತು ಹಾಕಿ ಆ ಪುಟ ಮುಗಿಸುವಷ್ಟರಲ್ಲಿ ಮುಂಬಾಗಿಲು ತಳ್ಳಿಕೊಂಡು ಸರೋಜಮ್ಮ ಹೊರಗಿನಿಂದ ಬಂದರು.

"ಸಾರಿ ಮೇಡಂ, ಮಾತ್ರೆ ತರೋಕ್ ಹೋಗಿದ್ದೆ. ನೀವು ಫೋನಲ್ಲಿದ್ರಿ, ಸನ್ನೆ ಮಾಡಿ ಹೋದ್ನಲ್ಲ."

"ಮತ್ತೆ ಇಷ್ಟೊತ್ತು ಒಳಗಿಂದ ಹೇಳಿದ್ದು ಯಾರು?"

"ತಮಾಷೆ ಮಾಡ್ಬೇಡಿ ಮೇಡಂ."

ಒಳಗೆ ಯಾರೂ ಇರಲಿಲ್ಲ. ಬೇರೆ ಬಾಗಿಲೂ ಇಲ್ಲ.  ಆ ಪುಟದ ಪುಸ್ತಕಗಳನ್ನು ಇಬ್ಬರೂ ಸೇರಿ ಮತ್ತೆ ನೋಡಿದೆವು. ದನಿ "ಇಲ್ಲ" ಎಂದಿದ್ದವು ಇರಲಿಲ್ಲ. "ಇದೆ" ಎಂದಿದ್ದವೆಲ್ಲ ಇದ್ದವು, ಮೇಷ್ಟ್ರದ್ದೊಂದನ್ನು ಬಿಟ್ಟು. ಅದರ ಜಾಗ ಖಾಲಿಯಿತ್ತು. ಅಕ್ಕಪಕ್ಕದ ಪುಸ್ತಕಗಳು ಮಾತ್ರ ಆ ಖಾಲಿ ಕಡೆಗೆ ವಾಲದೆ ನೆಟ್ಟಗೆ ನಿಂತಿದ್ದವು.

"ಗುರುತು ಹೊಡೆದಾಕಿ ಮೇಡಂ, ಸಿಗಲ್ಲ ಅದು" ಎಂದರು ಸರೋಜಮ್ಮ.

ಪೆನ್ನು ತೆಗೆದೆ, ಆಗಲಿಲ್ಲ. ಮೇಷ್ಟ್ರ ಪ್ರಬಂಧ ಇವತ್ತಿಗೂ ನಮ್ಮ ಲೆಕ್ಕದಲ್ಲಿದೆ. ಉಳಿದದ್ದೆಲ್ಲ ನಿಜ ಹೇಳಿದ ದನಿ ಅದೊಂದಕ್ಕೆ ಸುಳ್ಳು ಹೇಳುತ್ತದೆಯೇ? ನನಗೆ ತಿಳಿಯದು. ಆ ಖಾಲಿ ಜಾಗದೊಳಗೆ ಕೈಯಿಟ್ಟು ನೋಡಿದ್ದರೆ ಅವತ್ತೇ ಇತ್ಯರ್ಥವಾಗುತ್ತಿತ್ತು. ಇಟ್ಟಿಲ್ಲ. ಕಣ್ಣಿಗೆ ಕಾಣದ್ದು ಕೈಗೆ ಸಿಕ್ಕಿಬಿಟ್ಟರೆ?